ಟೀಚರ್ ನಂಬರಿನಿಂದ ಬೆಳಗಿನ ಕರೆ

ದಸರಾ ರಜೆಯಲ್ಲಿ ನನ್ನ ಹೆಂಡತಿ ತೀರಿಕೊಂಡಳು. ಕ್ರಿಯೆಗಳೆಲ್ಲ ಮುಗಿದು ನಾನು ಶಾಲೆಗೆ ಮರಳಿದ ದಿನ ಮುಖ್ಯ ಶಿಕ್ಷಕರು ನನ್ನನ್ನು ತಮ್ಮ ಕೋಣೆಗೆ ಕರೆದು, ಬಾಗಿಲು ಸ್ವಲ್ಪ ಮುಂದೆ ಮಾಡಿ, "ಮೇಡಂ ಮಕ್ಕಳನ್ನ ಇನ್ನು ನೀವೇ ನೋಡ್ಕೊಳ್ಳಿ ಸಾರ್. ಬೇರೆಯವರಿಗೆ ಕೊಡೋಕೆ ನಂಗೆ ಮನಸ್ಸು ಬರ್ತಿಲ್ಲ" ಎಂದರು.

ನಮಗೆ ಸ್ವಂತ ಮಕ್ಕಳಿಲ್ಲ. ಅವರು ಹೇಳಿದ್ದು ದತ್ತು ಮಕ್ಕಳ ವಿಷಯ. ಶಾಲೆಯ ಹೊರಗಿನವರಿಗೆ ಇದನ್ನು ವಿವರಿಸಬೇಕು. ನಮ್ಮ ಕಡೆಯ ಪ್ರೌಢಶಾಲೆಗಳಲ್ಲಿ ಹತ್ತನೇ ತರಗತಿಯ ಮಕ್ಕಳನ್ನು, ಅದರಲ್ಲೂ ಫೇಲಾಗುವ ಭಯ ಇರುವವರನ್ನು, ಶಿಕ್ಷಕರು ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತಾರೆ. ಅದಕ್ಕೆ ದತ್ತು ಎನ್ನುತ್ತೇವೆ. ಮಗುವನ್ನು ಮನೆಗೆ ಕರೆತರುವುದಿಲ್ಲ. ಆದರೆ ಬೆಳಗಿನ ಜಾವ ಐದಕ್ಕೆ ಫೋನ್ ಮಾಡಿ ಎಬ್ಬಿಸಬೇಕು. ಎದ್ದು ದೀಪದ ಕೆಳಗೆ ಕುಳಿತಿದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಇವತ್ತು ಯಾವ ಪಾಠ ಎಂದು ಹೇಳಬೇಕು. ಭಾನುವಾರ ಮನೆಗೆ ಹೋಗಿ ತಂದೆತಾಯಿಯ ಜೊತೆ ಮಾತಾಡಬೇಕು. ಪರೀಕ್ಷೆ ಮುಗಿಯುವವರೆಗೆ ಆ ಮಗುವಿನ ಓದು ಆ ಶಿಕ್ಷಕರ ಜವಾಬ್ದಾರಿ. ಓದು ಎಂದು ಬರೆದೆ. ಆದರೆ ಬೆಳಗಿನ ಐದಕ್ಕೆ ಒಂದು ಮನೆಗೆ ಫೋನ್ ಮಾಡಿದರೆ ಆ ಮನೆಯಲ್ಲಿ ಇರುವುದೆಲ್ಲ ಫೋನಿನಲ್ಲಿ ಬರುತ್ತದೆ.

ನನ್ನ ಹೆಂಡತಿ ಕನ್ನಡ ಟೀಚರ್, ನಾನು ಗಣಿತ. ಗಂಡಹೆಂಡತಿ ಎಂಬ ಕಾರಣಕ್ಕೆ ವರ್ಗಾವಣೆಯಲ್ಲಿ ನಮಗೆ ಹೊಸನಗರ ತಾಲ್ಲೂಕಿನ ಒಂದೇ ಶಾಲೆ ಸಿಕ್ಕಿತ್ತು. ರಿಪ್ಪನ್‌ಪೇಟೆಯಲ್ಲಿ ಬಾಡಿಗೆ ಮನೆ, ಅಲ್ಲಿಂದ ದಿನವೂ ಬೈಕಿನಲ್ಲಿ ಇಬ್ಬರೂ ಹೋಗಿಬರುತ್ತಿದ್ದೆವು. ಶಾಲೆಯಿಂದ ಸ್ವಲ್ಪ ಮುಂದೆ ಹೋದರೆ ಲಿಂಗನಮಕ್ಕಿಯ ಹಿನ್ನೀರು. ಅರ್ಧ ಮಕ್ಕಳು ಆ ಕಡೆಯಿಂದಲೇ ಬರುವವರು. ಹಂಚುವಾಗ ಯಾರಿಗೂ ಬೇಡವಾದ ಮಕ್ಕಳನ್ನು ಅವಳು ತೆಗೆದುಕೊಳ್ಳುತ್ತಿದ್ದಳು. ಅಪ್ಪ ಕುಡಿಯುವ ಮನೆ, ತಾಯಿ ಆಸ್ಪತ್ರೆಯಲ್ಲಿರುವ ಮನೆ, ಮಾತೇ ಆಡದ ಮಗು, ಹೀಗೆ. ನಾನು ಸ್ವಲ್ಪ ಹೇಳಿಕೊಟ್ಟರೆ ಪಾಸಾಗುವಂಥವರನ್ನು ಆರಿಸಿಕೊಳ್ಳುತ್ತಿದ್ದೆ. ಅದನ್ನು ಎಲ್ಲರೂ ನೋಡಿದ್ದರು, ತಮಾಷೆಯನ್ನೂ ಮಾಡುತ್ತಿದ್ದರು.

ಈಗ ಮುಖ್ಯ ಶಿಕ್ಷಕರು ನನ್ನ ಪಾಲಿನ ಮಕ್ಕಳನ್ನು ಬೇರೆಯವರಿಗೆ ಹಂಚಿ, ಅವಳ ಪಾಲಿನವರನ್ನು ನನಗೆ ಕೊಟ್ಟರು. ಸ್ಟಾಫ್ ರೂಮಿನಲ್ಲಿ ಎಲ್ಲರೂ ತಲೆದೂಗಿದರು. ಅದು ನನಗೆ ಸಮಾಧಾನ ತರುತ್ತದೆ ಎಂದು ಅವರು ನಿಜವಾಗಿ ನಂಬಿದ್ದರು. ನಾನೂ ನಂಬಿದ್ದೆ.

ಮೊದಲ ದಿನ ಬೆಳಿಗ್ಗೆ ನನ್ನ ಫೋನಿನಿಂದ ಕರೆ ಮಾಡಿದೆ. ಒಬ್ಬರೂ ಎತ್ತಲಿಲ್ಲ. ಗೊತ್ತಿಲ್ಲದ ನಂಬರಿನಿಂದ ಆ ಹೊತ್ತಿನಲ್ಲಿ ಕರೆ ಬಂದರೆ ಯಾರಿಗೋ ಏನೋ ಆಗಿದೆ ಎಂದೇ ಜನ ಹೆದರುತ್ತಾರೆ. ಮಧ್ಯಾಹ್ನ ಒಬ್ಬ ಹುಡುಗನ ತಾಯಿ ಶಾಲೆಯ ಹತ್ತಿರ ಸಿಕ್ಕಿ, "ಟೀಚರ್ ನಂಬರಿಂದ ಮಾಡಿ ಸಾರ್. ಅದಾದ್ರೆ ಇವನಿಗೆ ಗೊತ್ತಾಗ್ತದೆ, ಒಂದೇ ರಿಂಗಿಗೆ ಏಳ್ತಾನೆ" ಎಂದಳು.

ಹೆಂಡತಿಯ ಫೋನ್ ಬೀರುವಿನಲ್ಲಿತ್ತು. ಚಾರ್ಜ್ ಮಾಡಿ ಹಚ್ಚಿದೆ. ಮಾರನೆಯ ಬೆಳಿಗ್ಗೆ ಎಲ್ಲರೂ ಎತ್ತಿದರು. ಆ ಮನೆಗಳ ಫೋನುಗಳಲ್ಲಿ ಕನ್ನಡ ಟೀಚರ್ ಎಂದೇ ಬರುತ್ತಿತ್ತು. ನಾನು ಹಲೋ ಎಂದ ಮೇಲೆ ಆ ಕಡೆ ಒಂದು ಕ್ಷಣ ಸುಮ್ಮನಾಗುತ್ತಿತ್ತು, ಆಮೇಲೆ "ಎದ್ದಿದೀನಿ ಸಾರ್" ಎಂಬ ದನಿ.

ಕೆಲಸಕ್ಕೆ ಒಂದು ಕ್ರಮ ಮಾಡಿಕೊಂಡೆ. ಏಳಲು ತಡಮಾಡುವವರಿಗೆ ಮೊದಲ ಕರೆ, ಅರ್ಧ ಗಂಟೆ ಬಿಟ್ಟು ಇನ್ನೊಂದು ಸಲ. ಮನೆಯಲ್ಲಿ ತೊಂದರೆ ಇರುವವರಿಗೆ ಕೊನೆಗೆ, ಏಕೆಂದರೆ ಅಲ್ಲಿ ಮಾತು ಉದ್ದವಾಗುತ್ತದೆ. ಇದು ಅವಳದೇ ಕ್ರಮ. ಪಕ್ಕದ ಕೋಣೆಯಿಂದ ಎಷ್ಟೋ ವರ್ಷ ಕೇಳಿದ್ದರಿಂದ ನನಗೆ ಗೊತ್ತಿತ್ತು. ಅವಳು ಮೊದಲು ಓದಿನ ಮಾತು ಎತ್ತುತ್ತಿರಲಿಲ್ಲ. ಚಳಿ ಇದೆಯಾ, ನಿನ್ನೆ ಏನು ಸಾರು, ದನ ಕರು ಹಾಕಿತಾ ಎಂದು ಕೇಳುತ್ತಿದ್ದಳು. ನಾನೂ ಹಾಗೆಯೇ ಕೇಳಿದೆ. ನನ್ನ ಬಾಯಲ್ಲಿ ಆ ಪ್ರಶ್ನೆಗಳು ಜನಗಣತಿಯವರು ಕೇಳಿದ ಹಾಗೆ ಇದ್ದವು. ಆದರೂ ಮಕ್ಕಳು ಉತ್ತರ ಕೊಟ್ಟರು. ಮಕ್ಕಳ ಕೈಯಿಂದ ಫೋನ್ ತೆಗೆದುಕೊಂಡು ದೊಡ್ಡವರೂ ಮಾತಾಡಿದರು. ಒಬ್ಬ ತಾಯಿ, ಗಂಡ ನಿನ್ನೆ ಮನೆಗೇ ಬಂದಿಲ್ಲ ಎಂದಳು. ಇನ್ನೊಬ್ಬರಿಗೆ ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿ ಆಪರೇಷನ್ ಹೇಳಿದ್ದರು, ಮಾಡಿಸಬೇಕೋ ಬೇಡವೋ ನೀವೇ ಹೇಳಿ ಎಂದರು. ಟೀಚರಿಗೆ ಹೇಳುತ್ತಿದ್ದುದನ್ನು ಅವರು ಟೀಚರ್ ನಂಬರಿಗೆ ಹೇಳಿದರು. ಫೋನ್ ಹಿಡಿದಿದ್ದವನು ನಾನು.

ನವೆಂಬರ್, ಡಿಸೆಂಬರ್ ಹೀಗೇ ನಡೆಯಿತು. ಮುಖ್ಯ ಶಿಕ್ಷಕರು ತಾಲ್ಲೂಕಿನ ಸಭೆಯಲ್ಲಿ ಈ ವಿಷಯ ಹೇಳಿದರಂತೆ. ಬೇರೆ ಶಾಲೆಯವರು ಸಿಕ್ಕಿದಾಗ ನನ್ನ ಕೈ ಹಿಡಿದು, "ಮೇಡಂ ಕೆಲಸ ನಿಲ್ಲಿಸಲಿಲ್ಲ ನೀವು, ದೊಡ್ಡದು" ಎನ್ನುತ್ತಿದ್ದರು. ಅಷ್ಟು ಹೇಳಿಸಿಕೊಂಡ ಮೇಲೆ ನಿಲ್ಲಿಸುವುದು ಇನ್ನೂ ಕಷ್ಟವಾಯಿತು.

ಶಾಲೆಯಲ್ಲಿಯೂ ಒಂದು ಹೊಸ ರೂಢಿ ಬೆಳೆಯಿತು. ಯಾವ ತರಗತಿಯ ಮಗು ಅತ್ತರೂ ನನ್ನ ಹತ್ತಿರ ಕಳಿಸತೊಡಗಿದರು. ಯಾರದಾದರೂ ಮನೆಯಲ್ಲಿ ಸಾವಾದರೆ ಶಾಲೆಯ ಪರವಾಗಿ ಹೋಗುವವನು ನಾನೇ. "ಸಾರ್‌ಗೆ ಅರ್ಥ ಆಗ್ತದೆ" ಎನ್ನುತ್ತಿದ್ದರು. ನಾನು ಹೋಗಿ, ಚಾಪೆಯ ಮೇಲೆ ಕುಳಿತು, ಎಲ್ಲರೂ ಹೇಳುವ ಮಾತನ್ನೇ ಹೇಳಿ ಬರುತ್ತಿದ್ದೆ.

ನನ್ನೊಳಗಿಂದ ಮೊದಲು ಹೋದದ್ದು ಸಿಟ್ಟು. ಒಳ್ಳೆಯದಾಯಿತು ಅಂದುಕೊಂಡೆ. ಆದರೆ ಗಣಿತ ಪಾಠ ಮಾಡುವವನಿಗೆ ಸಿಟ್ಟು ಇರಬೇಕು. ಸಮರೂಪ ತ್ರಿಭುಜದ ಲೆಕ್ಕವನ್ನು ಮೂರನೆಯ ಸಲ ತಪ್ಪಾಗಿ ಬರೆದವನ ಮೇಲೆ ಗದರುವಷ್ಟಾದರೂ. ನನಗೆ ಬರುತ್ತಿರಲಿಲ್ಲ. ತಪ್ಪು ಬರೆದರೂ ಸರಿ, ಸರಿ ಬರೆದರೂ ಸರಿ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಒಂದು ಪ್ರಮೇಯವನ್ನು ಪುಸ್ತಕದಲ್ಲಿಲ್ಲದ ದಾರಿಯಲ್ಲಿ ಸಾಧಿಸಿ ತೋರಿಸಿದಳು. ವರ್ಷಕ್ಕೊಮ್ಮೆ ಅಂಥದ್ದು ಆಗುತ್ತದೆ, ಆ ದಿನ ಮನೆಗೆ ಹೋಗಿ ಹೆಂಡತಿಗೆ ಹೇಳುತ್ತಿದ್ದೆ. ಈ ಸಲ ಗುಡ್ ಎಂದು ಟಿಕ್ ಹಾಕಿ ಮುಂದಿನ ಬೆಂಚಿಗೆ ಹೋದೆ.

ಆಮೇಲೆ ಸಂಜೆಯ ಹೊತ್ತು. ಮನೆಯ ಮುಂದೆ ಬೈಕ್ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಇಳಿಯದೆ ಕುಳಿತಿರುತ್ತಿದ್ದೆ. ಎಷ್ಟು ಹೊತ್ತು ಎಂದು ಗೊತ್ತಾಗುತ್ತಿರಲಿಲ್ಲ. ಒಂದು ದಿನ ಎದುರು ಮನೆಯವರು, "ಪೆಟ್ರೋಲ್ ಖಾಲಿಯಾ ಸಾರ್?" ಎಂದು ಕೇಳಿದಾಗ ನನಗೆ ನೆನಪಾಯಿತು. ಕಳೆದ ವರ್ಷ ಪರೀಕ್ಷೆಯ ಹೊತ್ತಿನಲ್ಲಿ ಅವಳೂ ಹೀಗೇ ಮಾಡುತ್ತಿದ್ದಳು. ಮನೆ ಬಂದರೂ ಹಿಂದಿನ ಸೀಟಿನಿಂದ ಇಳಿಯುತ್ತಿರಲಿಲ್ಲ. "ಇಳೀತೀಯೋ, ಇಲ್ಲ ಹಾಸಿಗೆ ಇಲ್ಲಿಗೇ ತರಲೋ?" ಎಂದು ನಾನು ನಗುತ್ತಿದ್ದೆ. ಅವಳೂ ನಕ್ಕು ಇಳಿಯುತ್ತಿದ್ದಳು. ರೇಡಿಯೋ ಹಚ್ಚುವುದನ್ನು ಬಿಟ್ಟಿದ್ದಳು. ಅಕ್ಕನ ಮನೆಗೆ ಹೋಗುವುದನ್ನು ಬಿಟ್ಟಿದ್ದಳು. ಅವಳು ತೀರಿಕೊಂಡದ್ದು ಮಿದುಳಿನ ರಕ್ತನಾಳ ಒಡೆದು; ಇದಕ್ಕೂ ಅದಕ್ಕೂ ಸಂಬಂಧ ಹಚ್ಚಲಾಗದು ಎಂದು ವೈದ್ಯರು ಆಗಲೇ ಹೇಳಿದ್ದರು, ನಾನೂ ಹಚ್ಚುವುದಿಲ್ಲ. ಆದರೆ ಅವಳಿಗೆ ಆದದ್ದು ಬರೀ ಆಯಾಸವಲ್ಲ, ಅದಕ್ಕೆ ಬೇರೆಯೇ ಹೆಸರಿರಬೇಕು ಎಂದು ಅವತ್ತು ಬೈಕಿನ ಮೇಲೆ ಕುಳಿತು ಮೊದಲ ಸಲ ಅನ್ನಿಸಿತು. ಅದು ಈಗ ನನಗೂ ಆಗುತ್ತಿತ್ತು.

ಅಷ್ಟಾದರೂ ನಾನು ಏನೂ ಮಾಡಲಿಲ್ಲ. ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಎಲ್ಲ ಶಿಕ್ಷಕರೂ ಹೇಳಿಕೊಳ್ಳುವುದು ಅದನ್ನೇ.

ಹೆಂಡತಿಯ ಪಾಲಿನ ಮಕ್ಕಳಲ್ಲಿ ಒಬ್ಬಳು ಹಿನ್ನೀರಿನ ಅಂಚಿನ ಊರಿನ ಹುಡುಗಿ. ಅಪ್ಪ ಮಂಗಳೂರಿನ ಕಡೆ ಹೋಟೆಲಿನಲ್ಲಿ ಕೆಲಸಕ್ಕಿದ್ದ. ಮನೆಯಲ್ಲಿ ತಾಯಿ, ಹಾಸಿಗೆ ಹಿಡಿದ ಅಜ್ಜ, ಇವಳು. ಎಲ್ಲರಿಗಿಂತ ಕೊನೆಯ ಕರೆ ಇವಳಿಗೆ. ಒಂದು ಸಲವೂ ತಪ್ಪಿಸಿದವಳಲ್ಲ. ಅವಳ ದನಿಯ ಹಿಂದೆ ಯಾವಾಗಲೂ ಗಾಳಿಯ ಸದ್ದು ಇರುತ್ತಿತ್ತು.

ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬಂದಿತ್ತು. ಆ ದಿನ ಬೆಳಿಗ್ಗೆ ಎಂದಿನಂತೆ ಫೋನ್ ಮಾಡಿದೆ.

"ಎದ್ಯಾ?"

"ಎದ್ದಿದೀನಿ ಸಾರ್. ಸಾರ್, ಅಜ್ಜ ಹೋದ್ರು. ಆಗ್ಲೇ, ಎರಡು ಗಂಟೆಗೆ."

"ಸರಿ. ವಿಜ್ಞಾನ ತೆಗಿ. ವಿದ್ಯುತ್ ಪಾಠ ಇನ್ನೊಂದ್ಸಲ ನೋಡು."

"ಹ್ಞೂಂ ಸಾರ್."

ಫೋನ್ ಇಟ್ಟು, ಒಲೆಯ ಮೇಲೆ ಅನ್ನಕ್ಕೆ ನೀರು ಇಟ್ಟೆ. ಅಕ್ಕಿ ತೊಳೆದೆ. ತೊಳೆದ ನೀರು ಚೆಲ್ಲುವಾಗ ಹುಡುಗಿ ಹೇಳಿದ ಮಾತು ನನ್ನ ಕಿವಿಗೆ ಬಿತ್ತು. ಮೊದಲೇ ಬಿದ್ದಿತ್ತು, ಅರ್ಥವಾದದ್ದು ಆಗ. ತಿರುಗಿ ಫೋನ್ ಮಾಡಿದೆ. ಸಿಗಲಿಲ್ಲ.

ಶಾಲೆಗೆ ಹೋದೆ. ಬೆಳಗಿನ ಪ್ರಾರ್ಥನೆಯಲ್ಲಿ ನಿಲ್ಲಲಾಗಲಿಲ್ಲ, ಸ್ಟಾಫ್ ರೂಮಿಗೆ ಬಂದು ಕುಳಿತೆ. ನಮ್ಮ ದೈಹಿಕ ಶಿಕ್ಷಕರು ಬಂದರು. ತೀರ್ಥಹಳ್ಳಿ ಕಡೆಯವರು, ದೊಡ್ಡ ಗಂಟಲಿನ ಮನುಷ್ಯ. ಯಾವ ಮಾತನ್ನೂ ಮೆತ್ತಗೆ ಆಡಲು ಬರುವುದಿಲ್ಲ ಎಂದೇ ಅವರನ್ನು ಸಾವಿನ ಮನೆಗೆ ಯಾರೂ ಕಳಿಸುವುದಿಲ್ಲ. ನಡೆದದ್ದನ್ನು ಅವರಿಗೆ ಹೇಳಿದೆ. ಏನಾದರೂ ತಮಾಷೆ ಮಾಡುತ್ತಾರೆ ಎಂದುಕೊಂಡಿದ್ದೆ.

"ಅಲ್ಲ ಮಾರಾಯ್ರೇ, ನಿಮ್ಗೆ ಹುಷಾರಿಲ್ಲ" ಎಂದರು. "ಕಾಲು ಮುರ್ಕೊಂಡವನ್ನ ನಾನು ಆಟಕ್ಕೆ ಇಳಿಸ್ತೀನಾ? ಮೂರು ತಿಂಗ್ಳಿಂದ ನಿಮ್ಮನ್ನ ಆಡಿಸ್ತಾ ಇದೀವಿ. ನಡೀರಿ ಸಾಗರಕ್ಕೆ."

"ಪೀರಿಯಡ್ ಇದೆ."

"ನಿಮ್ಮ ತ್ರಿಕೋನ ಎಲ್ಲೂ ಓಡಿ ಹೋಗಲ್ಲ. ಮೂರು ಕಡೆ ಮೊಳೆ ಹೊಡೆದಿರ್ತದೆ. ಏಳಿ."

ಸಾಗರದ ಸರ್ಕಾರಿ ಆಸ್ಪತ್ರೆಗೆ ವಾರಕ್ಕೊಮ್ಮೆ ಮನೋವೈದ್ಯರು ಬರುವುದು ಅವರಿಗೆ ಹೇಗೋ ಗೊತ್ತಿತ್ತು. ಅವತ್ತು ಆ ದಿನವೇ ಆಗಿತ್ತು. ಸಾಲಿನಲ್ಲಿ ಕುಳಿತಾಗ ಗುರುತಿನವರು ಯಾರಾದರೂ ನೋಡಿಯಾರು ಎಂದು ನಾನು ತಲೆ ತಗ್ಗಿಸಿದೆ. ಅವರು, "ಯಾರಾದ್ರೂ ಕೇಳಿದ್ರೆ ನಂಗೆ ತೋರ್ಸೋಕೆ ಬಂದಿದ್ದು ಅಂತ ಹೇಳ್ತೀನಿ. ನನ್ನ ವಿಷ್ಯದಲ್ಲಿ ಎಲ್ರೂ ನಂಬ್ತಾರೆ" ಎಂದರು. ಪಕ್ಕದಲ್ಲಿದ್ದ ಹೆಂಗಸು ಕೂಡ ನಕ್ಕಳು.

ವೈದ್ಯರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನು ಹೆಂಡತಿಯ ಸಾವಿನಿಂದ ಶುರು ಮಾಡಿದೆ. ಅವರು ಅದನ್ನು ಕೇಳಿಸಿಕೊಂಡು, ನಿದ್ದೆ, ಊಟ, ಬದುಕು ಬೇಡ ಅನ್ನಿಸುತ್ತದೆಯೇ ಎಂದೆಲ್ಲ ವಿಚಾರಿಸಿ, ಆಮೇಲೆ ಕೆಲಸದ ಬಗ್ಗೆ ಕೇಳಿದರು. ಬೆಳಗಿನ ಕರೆಗಳ ಬಗ್ಗೆ, ಅವಳ ನಂಬರಿನ ಬಗ್ಗೆ, ಅಳುವ ಮಕ್ಕಳನ್ನು ಕಳಿಸುವುದರ ಬಗ್ಗೆ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿದರು.

"ದುಃಖ ಇದೆ, ಅದು ಇರಬೇಕಾದ್ದೇ. ಅದರ ಜೊತೆ ಇದು ಬೇರೆ. ಬೇರೆಯವರ ನೋವನ್ನ ದಿನಾ ತುಂಬಿಕೊಳ್ಳುವ ಕೆಲಸದಲ್ಲಿ ಇರುವವರಿಗೆ ಬರುತ್ತೆ. ನರ್ಸ್‌ಗಳಲ್ಲಿ ನೋಡ್ತೀವಿ, ಈಗೀಗ ಶಿಕ್ಷಕರಲ್ಲೂ. ಮನಸ್ಸು ಕೆಟ್ಟದಾಗಿಲ್ಲ ಸಾರ್, ಖಾಲಿಯಾಗಿದೆ. ನೀವು ನಿಮ್ಮ ದುಃಖಕ್ಕೆ ಅಂತ ಏನೂ ಉಳಿಸಿಕೊಂಡಿಲ್ಲ."

ವೈದ್ಯರು ಚೀಟಿ ಪಕ್ಕಕ್ಕೆ ಸರಿಸಿದರು.

"ನಿಮ್ಮ ಕೆಲಸಗಳಲ್ಲಿ ಯಾವುದನ್ನ ಕಿತ್ತುಕೊಂಡ್ರೆ ನನ್ನ ಜೊತೆ ಜಗಳ ಆಡ್ತೀರಿ?"

"ಗಣಿತ ಪಾಠ."

"ಯಾವುದನ್ನ ಕಿತ್ತುಕೊಂಡ್ರೆ ನಿದ್ದೆ ಬರುತ್ತೆ?"

ಉತ್ತರ ಗೊತ್ತಿತ್ತು. ಬಾಯಿಂದ ಬರಲಿಲ್ಲ. ಹೇಳಿದರೆ ಹೆಂಡತಿಯನ್ನು ಇನ್ನೊಂದು ಸಲ ಕಳಿಸಿಕೊಟ್ಟ ಹಾಗೆ ಎನ್ನಿಸಿತು. ವೈದ್ಯರು ನಿದ್ದೆಗೆ ಸ್ವಲ್ಪ ದಿನದ ಮಾತ್ರೆ ಬರೆದು, ಮುಂದಿನ ವಾರ ಬರಲು ಹೇಳಿ, "ಮಾತ್ರೆ ಮಲಗಿಸುತ್ತೆ ಅಷ್ಟೆ. ಫೋನ್ ಕೆಳಗಿಡೋದು ನೀವೇ" ಎಂದರು.

ಮಾರನೆಯ ದಿನ ಮುಖ್ಯ ಶಿಕ್ಷಕರಿಗೆ ಹೇಳಿದೆ. ಬೆಳಗಿನ ಕರೆ ಇನ್ನು ನನ್ನಿಂದ ಆಗದು, ಮನೆಭೇಟಿ ಆಗದು, ಗಣಿತ ಎಷ್ಟು ಬೇಕಾದರೂ ತೆಗೆದುಕೊಳ್ಳುತ್ತೇನೆ ಎಂದೆ. ಅವರ ಮುಖ ಸಣ್ಣದಾಯಿತು.

"ಈಗ ಬಿಟ್ರೆ ಹ್ಯಾಗೆ ಸಾರ್? ಪರೀಕ್ಷೆ ಎದುರಿಗಿದೆ. ಮೇಡಂ ಮಕ್ಕಳು ಅವು. ಮೇಡಂ ಇದ್ದಿದ್ರೆ ಬಿಡ್ತಿದ್ರಾ?"

"ಇಲ್ಲ."

"ಮತ್ತೆ?"

"ಅವಳು ಬಿಡ್ತಿರ್ಲಿಲ್ಲ. ಬಿಡೋಕೆ ನಾವ್ಯಾರೂ ಹೇಳಲೂ ಇಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಟ್ಟ ಮನುಷ್ಯರಲ್ಲ. ಫಲಿತಾಂಶ ಇಳಿದರೆ ಮೇಲಿನವರು ಕೇಳುವುದು ಅವರನ್ನು. ಅದಕ್ಕಿಂತ ಹೆಚ್ಚಾಗಿ, ಒಂದು ಒಳ್ಳೆಯ ಕೆಲಸ ಮಾಡಿದ್ದೇನೆ ಎಂದು ಅವರು ತಿಂಗಳುಗಟ್ಟಲೆ ನಂಬಿಕೊಂಡಿದ್ದರು. ದೈಹಿಕ ಶಿಕ್ಷಕರು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದವರು ಒಳಗೆ ಬಂದರು.

"ಆ ಮಕ್ಕಳನ್ನ ನಂಗೆ ಕೊಡಿ. ಎಬ್ಬಿಸೋದು ಕಷ್ಟ ಇಲ್ಲ, ನನ್ನ ಗಂಟ್ಲಿಗೆ ಫೋನೂ ಬೇಡ."

"ನೀವು ಸಮಾಧಾನ ಹೇಳೋಕೆ ಹೋದ್ರೆ ಮಕ್ಕಳು ಹೆದರ್ತಾವೆ ಕಣ್ರೀ" ಎಂದರು ಮುಖ್ಯ ಶಿಕ್ಷಕರು.

"ಸಮಾಧಾನ ಯಾರು ಹೇಳ್ತಾರೆ? ಎದ್ದು ಓದು ಅಂತೀನಿ, ಅಷ್ಟೆ. ಉಳಿದದ್ದನ್ನ ಎಲ್ರೂ ಸ್ವಲ್ಪ ಸ್ವಲ್ಪ ಹಂಚ್ಕೊಳ್ಳಿ. ಅಳೋ ಮಕ್ಕಳನ್ನೆಲ್ಲ ಒಬ್ರ ಹತ್ರ ಕಳ್ಸೋದು ಯಾವ ನ್ಯಾಯ?"

ಕೊನೆಗೆ ಮುಖ್ಯ ಶಿಕ್ಷಕರು ಒಂದು ಮಾತು ಹೇಳಿದರು. ಆ ಮನೆಗಳಿಗೆ ನಾನೇ ಹೋಗಿ ತಿಳಿಸಬೇಕು. ಇದ್ದಕ್ಕಿದ್ದಂತೆ ಕರೆ ನಿಂತರೆ ಮಕ್ಕಳು ಬೇರೆ ಏನೋ ತಿಳಿದುಕೊಳ್ಳುತ್ತಾರೆ. ಅದು ಸರಿಯಾದ ಮಾತು. ಒಪ್ಪಿದೆ.

ಭಾನುವಾರ ಹೊರಟೆ. ಮೊದಲು ಹಿನ್ನೀರಿನ ಹುಡುಗಿಯ ಮನೆಗೆ. ಟಾರು ರಸ್ತೆ ಬಿಟ್ಟು, ಮಣ್ಣು ರಸ್ತೆಯಲ್ಲಿ ಗುಡ್ಡ ಏರಿ ಇಳಿಯಬೇಕು. ಗುಡ್ಡದ ತಿರುವಿನಲ್ಲಿ ಒಂದು ಕಲ್ಲುಕಂಬ. ಅಲ್ಲಿಂದ ಕೆಳಗೆ ನೀರು ಕಾಣುತ್ತದೆ, ಮನೆಯೂ ಕಾಣುತ್ತದೆ. ತಾಯಿ ಅಂಗಳದಲ್ಲಿ ತೊಳೆದ ಹೊದಿಕೆಗಳನ್ನು ಹರಡುತ್ತಿದ್ದರು. ಹುಡುಗಿ ಒಳಗಿನಿಂದ ಬಂದು ಗೋಡೆಗೆ ಒರಗಿ ನಿಂತಳು.

"ಬನ್ನಿ ಸಾರ್, ಕೂತ್ಕಳಿ. ಮೈಲಿಗೆ ಮನೆ, ನೀರು ಕೊಡ್ಲೋ ಬೇಡ್ವೋ ಗೊತ್ತಾಗ್ತಿಲ್ಲ."

"ಕೊಡಿ" ಎಂದೆ.

ಅಜ್ಜನ ಕೊನೆಯ ದಿನಗಳ ಬಗ್ಗೆ ಅವರು ಹೇಳಿದರು. ಕೇಳಿಸಿಕೊಂಡೆ. ಆಮೇಲೆ ಹುಡುಗಿಯ ಕಡೆ ತಿರುಗಿ, "ಅವತ್ತು ನೀನು ಹೇಳಿದ್ದು ನನ್ನ ತಲೆಗೆ ಹೋಗಲಿಲ್ಲ. ನಂಗೆ ಹುಷಾರಿಲ್ಲ. ಡಾಕ್ಟರಿಗೆ ತೋರಿಸ್ತಿದೀನಿ. ಇನ್ಮೇಲೆ ಬೆಳಿಗ್ಗೆ ಫೋನ್ ಮಾಡೋಕಾಗಲ್ಲ" ಎಂದೆ. ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿ ನೋಡಿಕೊಂಡು ಬಂದಿದ್ದೆ.

ಹುಡುಗಿ ತಾಯಿಯ ಮುಖ ನೋಡಿದಳು. ತಾಯಿ ನನ್ನ ಮುಖ ನೋಡಿದರು.

"ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕಬೇಡಿ ಸಾರ್" ಎಂದರು. "ಇವಳು ನಾಲ್ಕಕ್ಕೇ ಏಳ್ತಾಳೆ. ಅಜ್ಜಂದು ಬಟ್ಟೆ ಬದಲ್ಸಬೇಕಿತ್ತಲ್ಲ. ಓದೋಕೆ ಕೂತಿರ್ತಿದ್ಲು. ನಿಮ್ಮ ಫೋನ್ ಬರೋ ಹೊತ್ತಿಗೆ ಎದ್ದು ಆ ತಿರುವಿಗೆ ಹೋಗೋದು. ಮನೇಲಿ ನೆಟ್‌ವರ್ಕ್ ಇಲ್ಲ. ಆ ಕಂಬದ ಹತ್ರ ಮಾತ್ರ ಸಿಗ್ತದೆ."

ನಾನು ಗುಡ್ಡದ ಕಡೆ ನೋಡಿದೆ. ಕತ್ತಲೆಯಲ್ಲಿ ಅಷ್ಟು ದೂರ.

"ಯಾಕೆ ಹೋಗ್ತಿದ್ದೆ?" ಎಂದು ಹುಡುಗಿಯನ್ನು ಕೇಳಿದೆ. "ಎದ್ದಿರ್ತೀನಿ, ಫೋನ್ ಬೇಡ ಅಂತ ಹೇಳಬಹುದಿತ್ತು."

ಅವಳು ಉಗುರಿನಿಂದ ಗೋಡೆಯ ಸುಣ್ಣ ಕೆರೆದಳು. ತಾಯಿ, "ಹೇಳು, ಸಾರ್ ಬೈಯಲ್ಲ" ಎಂದರು.

"ಟೀಚರ್ ಇದ್ದಾಗ ಬೇಡ ಅಂತ ಹೇಳಿದ್ದೆ ಸಾರ್. ಆಯ್ತು, ನೀನು ಎದ್ದಿರ್ತೀಯ ಅಂತ ಗೊತ್ತು ಅಂತ ಬಿಟ್ಟಿದ್ರು. ಆಮೇಲೆ ನೀವು ಮಾಡ್ತೀರಿ ಅಂತ ಶಾಲೇಲಿ ಗೊತ್ತಾಯ್ತು." ಕೆರೆಯುವುದನ್ನು ನಿಲ್ಲಿಸಿದಳು. "ಸಾರ್ ಮನೇಲಿ ಒಬ್ರೇ ಇರ್ತಾರೆ, ಎತ್ತದಿದ್ರೆ ಬೇಜಾರಾಗ್ತದೆ ಅಂತ. ನಾವೆಲ್ಲ ಮಾತಾಡ್ಕೊಂಡಿದ್ವಿ. ಯಾರೂ ತಪ್ಪಿಸಬಾರದು ಅಂತ."

"ಎಲ್ಲರೂ?"

"ಹ್ಞೂಂ ಸಾರ್. ಎರಡನೇ ರಿಂಗಿಗೇ ಎತ್ತಬೇಕು, ಕಾಯಿಸಬಾರದು ಅಂತ."

ತಾಯಿ ಹೊದಿಕೆಯ ತುದಿಯನ್ನು ಹಿಂಡುತ್ತ, "ಸಾಕಾಗಿತ್ತು ಸಾರ್ ಇವಳಿಗೂ. ಅಜ್ಜನ್ನೂ ನೋಡ್ಬೇಕು, ನಿಮ್ಮನ್ನೂ ನೋಡ್ಬೇಕು" ಎಂದರು. ಹೇಳಿದ ಮೇಲೆ ತಪ್ಪಾಯಿತೇನೋ ಎಂಬಂತೆ ಒಳಗೆ ಹೋದರು.

ಆ ಮಕ್ಕಳನ್ನು ನಾನು ಹೊತ್ತುಕೊಂಡಿದ್ದೇನೆ ಎಂದುಕೊಂಡಿದ್ದೆ. ಅದರ ಭಾರಕ್ಕೇ ಬಾಗಿದ್ದೇನೆ ಎಂದು ವೈದ್ಯರಿಗೂ ಹೇಳಿ ಬಂದಿದ್ದೆ. ಈ ಮಕ್ಕಳೇ ತಮ್ಮ ಮನೆಯ ಕಷ್ಟದ ಮೇಲೆ ನನ್ನದನ್ನೂ ಹೇರಿಕೊಂಡು, ದಿನವೂ ಬೆಳಿಗ್ಗೆ ಒಬ್ಬರಾದ ಮೇಲೊಬ್ಬರು ನನಗೆ ಸಮಾಧಾನ ಹೇಳುತ್ತಿದ್ದರು. ಎದ್ದಿದೀನಿ ಸಾರ್ ಎಂಬುದೇ ಆ ಸಮಾಧಾನ.

"ಇನ್ನು ಹೋಗಬೇಡ ಅಲ್ಲಿಗೆ" ಎಂದೆ. "ಆ ಹೊತ್ತಲ್ಲಿ ಓದು. ಇಲ್ಲ, ಮಲಗು. ಗಣಿತದಲ್ಲಿ ಏನಾದರೂ ಬರದಿದ್ದರೆ ಶಾಲೆಯಲ್ಲಿ ಕೇಳು. ಗಣಿತ ಮಾತ್ರ."

"ತ್ರಿಕೋನಮಿತಿ ಪೂರ್ತಿ ಬರಲ್ಲ ಸಾರ್."

"ಪೂರ್ತಿ?"

"ಪೂರ್ತಿ."

ನನಗೆ ಸಣ್ಣಗೆ ಸಿಟ್ಟು ಬಂತು. ಆ ಪಾಠ ಮುಗಿಸಿ ತಿಂಗಳಾಗಿತ್ತು.

ಉಳಿದ ಮನೆಗಳಿಗೂ ಹೋದೆ. ಒಂದೆರಡು ಕಡೆ ಬೇಸರ ಮಾಡಿಕೊಂಡರು. ಒಬ್ಬ ಹುಡುಗನ ತಂದೆ, "ಟೀಚರ್ ಇದ್ದಿದ್ರೆ" ಎಂದು ಶುರು ಮಾಡಿ ನಿಲ್ಲಿಸಿದ. ಒಬ್ಬ ಹುಡುಗ ಮಾತ್ರ, "ನಿಜವಾಗ್ಲೂ ಇನ್ನು ಫೋನ್ ಬರಲ್ವಾ ಸಾರ್?" ಎಂದು ಎರಡು ಸಲ ಕೇಳಿದ. ಅವನ ಮುಖದಲ್ಲಿದ್ದ ಸಂತೋಷ ಮುಚ್ಚಿಡಲು ಅವನಿಂದ ಆಗಲಿಲ್ಲ. ರಿಪ್ಪನ್‌ಪೇಟೆಗೆ ಮರಳಿ ಹೆಂಡತಿಯ ಫೋನನ್ನು ಆಫ್ ಮಾಡಿದೆ.

ಆಮೇಲಿನದು ಸುಲಭವಾಗಿತ್ತು ಎಂದು ಬರೆದರೆ ಸುಳ್ಳು. ಮೊದಲ ವಾರ ಐದಕ್ಕೆ ಎಚ್ಚರವಾಗಿ, ಮಾಡಲು ಕೆಲಸವಿಲ್ಲದೆ, ಅವಳಿಲ್ಲದ ಮನೆ ಮೊದಲ ಸಲ ಪೂರ್ತಿ ಕಾಣಿಸಿತು. ಅದುವರೆಗೆ ಫೋನು ಅದನ್ನು ಮರೆಮಾಡಿತ್ತು. ಶಾಲೆಯಲ್ಲಿ ಬೆಳಗಿನ ಗಂಟೆಗೆ ಮೊದಲು ಒಂದು ಗಂಟೆ ಗಣಿತ ತೆಗೆದುಕೊಂಡೆ, ಬರುವವರು ಬರಲಿ ಎಂದು. ಅಳುವ ಮಗು ಬಂದರೆ ಈಗ ಅದರ ತರಗತಿ ಶಿಕ್ಷಕರೇ ನೋಡುತ್ತಿದ್ದರು. ಕೆಲವರಿಗೆ ಅದು ಚೆನ್ನಾಗಿ ಬರುತ್ತಿರಲಿಲ್ಲ, ಆದರೂ ನೋಡುತ್ತಿದ್ದರು. ಸಾಗರಕ್ಕೆ ನಾಲ್ಕಾರು ಸಲ ಹೋಗಿ ಬಂದೆ. ದೈಹಿಕ ಶಿಕ್ಷಕರು ಹುಡುಗಿಯನ್ನೂ ಇತರರನ್ನೂ ಪಾಲಿಗೆ ತೆಗೆದುಕೊಂಡು, ಅವರ ಮನೆಯ ವಿಷಯ ಒಂದೂ ಕೇಳದೆ, ಸಂಜೆ ಅರ್ಧ ಗಂಟೆ ಖೋ ಖೋ ಆಡಿಸಿ ಕಳಿಸುತ್ತಿದ್ದರು. ಪರೀಕ್ಷೆಯ ಮುಂದೆ ಆಟ ಏನು ಎಂದು ಒಬ್ಬ ಪೋಷಕರು ಜಗಳಕ್ಕೆ ಬಂದರು. "ಓಡಿದ್ರೆ ನಿದ್ದೆ ಬರ್ತದೆ, ನಿದ್ದೆ ಬಂದ್ರೆ ಏಳ್ತಾವೆ. ನಂಗೆ ಗೊತ್ತಿರೋ ವಿಜ್ಞಾನ ಇಷ್ಟೇ" ಎಂದು ಅವರನ್ನು ಕಳಿಸಿದರು.

ಪರೀಕ್ಷೆಯಲ್ಲಿ ನಮ್ಮ ಮಕ್ಕಳಿಗೆ ನಾವು ಮೇಲ್ವಿಚಾರಕರಾಗುವಂತಿಲ್ಲ. ನನ್ನನ್ನು ತೀರ್ಥಹಳ್ಳಿಯ ಒಂದು ಕೇಂದ್ರಕ್ಕೆ ಹಾಕಿದರು. ಮೊದಲ ದಿನ ಕನ್ನಡ. ನಾನು ಫೋನ್ ಒಪ್ಪಿಸಿ ಒಳಗೆ ಹೋಗುವ ಮೊದಲು ದೈಹಿಕ ಶಿಕ್ಷಕರು ಹೊಸನಗರದಿಂದ ಫೋನಿನಲ್ಲಿ ಕೂಗಿದರು: "ಎಲ್ಲಾ ಬಂದಿದಾವೆ ಸಾರ್. ಹಿನ್ನೀರಿನವಳು ಎಲ್ರಿಗಿಂತ ಮೊದ್ಲೇ. ನೀವು ನಿಮ್ಮ ಕೆಲ್ಸ ನೋಡಿ."

ನನ್ನ ಕೊಠಡಿಯಲ್ಲಿ ಗೋಡೆಯ ಮೇಲೆ ಕ್ಯಾಮೆರಾ, ಎದುರಿಗೆ ಗೊತ್ತಿಲ್ಲದ ಮಕ್ಕಳು. ಉತ್ತರ ಪತ್ರಿಕೆ ಕೊಟ್ಟೆ, ನೋಂದಣಿ ಸಂಖ್ಯೆ ಸರಿಯಾಗಿ ಬರೆದರೋ ನೋಡಿದೆ, ಪ್ರಶ್ನೆಪತ್ರಿಕೆ ಹಂಚಿದೆ. ಎಲ್ಲರೂ ಬರೆಯತೊಡಗಿದರು. ಕಿಟಕಿಯ ಪಕ್ಕದ ಒಬ್ಬಳು ಬರೆಯಲಿಲ್ಲ. ಪೆನ್ ಹಿಡಿದು, ಪ್ರಶ್ನೆಪತ್ರಿಕೆಯ ಮೇಲೆ ಕಣ್ಣಿಟ್ಟು ಹಾಗೆಯೇ ಕುಳಿತಿದ್ದಳು. ತುಟಿ ಒಣಗಿತ್ತು. ನಾನು ಒಂದು ಸುತ್ತು ಹಾಕಿ ಬಂದೆ. ಇನ್ನೂ ಹಾಗೇ ಇದ್ದಳು. ಇನ್ನೊಂದು ಸುತ್ತು.

ನನ್ನ ಎದೆ ಹೊಡೆದುಕೊಳ್ಳುತ್ತಿದೆ ಎಂದು ತಿಳಿದದ್ದು ಆಗ. ಬರಿಯಮ್ಮ, ಒಂದು ಸಾಲು ಬರಿ, ಆಮೇಲೆ ತಾನೇ ಬರುತ್ತದೆ. ಬಾಯಿಬಿಟ್ಟು ಹೇಳುವಂತಿರಲಿಲ್ಲ. ಅವಳ ಮನೆಯಲ್ಲಿ ಏನಾಗಿದೆಯೋ, ಯಾರು ಎಬ್ಬಿಸಿದರೋ, ತಿಂದು ಬಂದಿದ್ದಾಳೋ ಇಲ್ಲವೋ, ಒಂದೂ ನನಗೆ ಗೊತ್ತಿರಲಿಲ್ಲ. ಎಷ್ಟೋ ತಿಂಗಳಾದ ಮೇಲೆ ಒಂದು ಮಗುವಿಗಾಗಿ ನನಗೆ ಭಯವಾಗುತ್ತಿತ್ತು. ಅದರ ಹಿಂದೆಯೇ, ಅದೇ ದಾರಿಯಲ್ಲಿ, ನನ್ನ ಹೆಂಡತಿ ಇಲ್ಲ ಎನ್ನುವುದೂ ಬಂತು. ಅವಳ ವಿಷಯದ ಪರೀಕ್ಷೆಯ ದಿನ, ಅವಳಿಲ್ಲ. ಕ್ಯಾಮೆರಾದ ಕೆಳಗೆ ನೆಟ್ಟಗೆ ನಿಂತೆ. ಕಣ್ಣೀರು ಬಂದು ಅಂಗಿಯ ಮೇಲೆ ಬಿತ್ತು. ಒರೆಸಿಕೊಳ್ಳಲಿಲ್ಲ.

ಬಾಗಿಲ ಬಳಿ ನೀರಿನ ಕ್ಯಾನ್ ಇತ್ತು. ಲೋಟದಲ್ಲಿ ನೀರು ತುಂಬಿ, ಸದ್ದಾಗದಂತೆ ಆ ಹುಡುಗಿಯ ಬೆಂಚಿನ ಅಂಚಿನಲ್ಲಿ ಇಟ್ಟೆ. ಅವಳು ಎತ್ತಿ ಕುಡಿದಳು. ಲೋಟ ಇಟ್ಟು, ಪೆನ್ ಸರಿಯಾಗಿ ಹಿಡಿದು, ಒಂದು ಪದ ಬರೆದಳು. ಆಮೇಲೆ ಇನ್ನೊಂದು.

ನನ್ನ ಮುಖ ಅವಳು ನೋಡಲಿಲ್ಲ. ನಾನು ಹೇಗಿದ್ದೇನೆ ಎಂದು ಅವಳು ಯೋಚಿಸಬೇಕಾಗಿರಲಿಲ್ಲ. ಖಾಲಿ ಲೋಟ ತೆಗೆದುಕೊಂಡು ನಾನು ಮುಂದಿನ ಸಾಲಿಗೆ ಹೋದೆ.